ಎರಡು ದೇಶಗಳ ನಡುವಿನ ಒಂದು ಸರೋವರ

(ಫೋರ್ಟಿನ ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ವಾಚನಾಲಯದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಮಾತನಾಡಿದವರು ಇದುವರೆಗೆ ಎಲ್ಲರೂ ಬಲ್ಲವರೇ. ನಾನಾದರೋ ಮ್ಯಾಟ್ರಿಕ್ ಮುಗಿಸಿ, ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ. ರಜೆಯ ದಿನ ಇಲ್ಲಿ ಬಂದು ನೀವು ಓದಿ ಬಿಟ್ಟ ಪತ್ರಿಕೆಗಳನ್ನು ಮಡಿಸಿ ಜೋಡಿಸುವುದಷ್ಟೇ ನನ್ನ ಸೇವೆ. "ಮಡಿಸುವಾಗ ಓದಿದ್ದನ್ನೇ ಹೇಳಿರಿ" ಎಂದು ಕಾರ್ಯದರ್ಶಿಗಳು ಹಟ ಹಿಡಿದುದರಿಂದ ಧೈರ್ಯ ಮಾಡಿದ್ದೇನೆ. ತಪ್ಪಿದ್ದಲ್ಲಿ ತಿದ್ದಿಕೊಳ್ಳಬೇಕಾಗಿ ಮೊದಲೇ ಅರಿಕೆ.

ನಾನು ಈ ವಿಷಯಕ್ಕೆ ಬಂದದ್ದು ಹೇಗೆಂಬುದನ್ನು ಮೊದಲು ಹೇಳುತ್ತೇನೆ. ನನ್ನ ಊರು ಗದಗ ಸೀಮೆಯದು. ನನ್ನ ಚಿಕ್ಕಪ್ಪನ ಮಗ ಸೈನ್ಯದಲ್ಲಿ ಲಾರಿ ನಡೆಸುತ್ತಾನೆ. ಕಳೆದ ಚಳಿಗಾಲದಲ್ಲಿ ರಜೆಯ ಮೇಲೆ ಊರಿಗೆ ಹೋಗುವ ಮುಂಚೆ ಎರಡು ದಿನ ನಮ್ಮ ಖೋಲಿಯಲ್ಲಿ ಇಳಿದುಕೊಂಡಿದ್ದ. ಮುಂಬಯಿ ತೋರಿಸೋಣವೆಂದು ಅವನನ್ನೂ ನನ್ನ ಮಗಳನ್ನೂ ಕರೆದುಕೊಂಡು ಅಪೊಲೊ ಬಂದರದಿಂದ ಘಾರಾಪುರಿಗೆ ಹೋಗುವ ಲಾಂಚ್ ಹತ್ತಿದೆ. ಲಾಂಚ್ ಹೊರಟೊಡನೆ ಬಿಳಿಯ ಕಡಲಹಕ್ಕಿಗಳ ಹಿಂಡು ಬೆನ್ನು ಹತ್ತುವುದು ನಿಮಗೆಲ್ಲ ಗೊತ್ತೇ ಇದೆ. ಎಲ್ಲರಂತೆ ನಾನೂ ಒಂದು ಗಾಂಠಿಯಾ ಪೊಟ್ಟಣ ಕೊಂಡು ಮಗಳ ಕೈಗೆ ಕೊಟ್ಟೆ. ಅವಳು ಎಸೆಯುವುದು, ಹಕ್ಕಿಗಳು ಗಾಳಿಯಲ್ಲೇ ಹಿಡಿಯುವುದು, ಎಲ್ಲರೂ ನಗುವುದು. ಆಗ ತಮ್ಮ ನನ್ನ ಕೈ ಹಿಡಿದ.

"ಅಣ್ಣಾ, ಇವಕ್ಕ ಕರದದ್ದು ಹಾಕಸಬ್ಯಾಡ. ಇವು ನಾವಿರೋ ಸರೋವರದ ಕಡೀ ಹಕ್ಕಿ" ಎಂದ.

ನಾನು ನಕ್ಕುಬಿಟ್ಟೆ. "ಲಡಾಖದ ಬರ್ಫಿನಾಗಿನ ಹಕ್ಕಿ ಅಪೊಲೊ ಬಂದರಕ್ಕ ಯಾಕ ಬಂದೀತೋ?" ಎಂದೆ.

"ನೀ ಯಾಕ ಬಂದಿ?" ಎಂದ ಅವನು. "ಹೊಟ್ಟಿಗೆ ಅಲ್ಲೇನು?"

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಊರಿಗೆ ಹೋದ ಮೇಲೆ ನಮ್ಮ ಕಪಾಟುಗಳಲ್ಲಿದ್ದ ಪುಸ್ತಕಗಳನ್ನೂ ಹಳೆಯ ಪತ್ರಿಕೆಗಳನ್ನೂ ತಿರುವಿಹಾಕಿದೆ. ತಮ್ಮ ಹೇಳಿದ್ದು ಸುಳ್ಳಲ್ಲವೆಂದು ತಿಳಿಯಿತು. ಆ ಸರೋವರದ ಹೆಸರು ಪ್ಯಾಂಗಾಂಗ್. ಅಲ್ಲಿಯ ಭಾಷೆಯಲ್ಲಿ ಸರೋವರಕ್ಕೆ 'ತ್ಸೋ' ಎನ್ನುತ್ತಾರೆ. ಆದುದರಿಂದ ಪ್ಯಾಂಗಾಂಗ್ ತ್ಸೋ.

ಈಗ ನಕ್ಷೆಯ ಕಡೆಗೆ ನೋಡೋಣ. ಕಾಶ್ಮೀರದ ಪೂರ್ವಕ್ಕೆ ಲಡಾಖ್ ಇದೆ. 2019ರಿಂದ ಅದು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶ. ಅದರ ಮುಖ್ಯ ಊರು ಲೇಹ್. ಲೇಹದಿಂದ ಪೂರ್ವಕ್ಕೆ ಹದಿನೇಳು ಸಾವಿರ ಅಡಿಗೂ ಎತ್ತರದ ಚಾಂಗ್ ಲಾ ಎಂಬ ಕಣಿವೆದಾರಿಯನ್ನು ಹತ್ತಿ ಇಳಿದರೆ, ಬೋಳುಬೆಟ್ಟಗಳ ನಡುವೆ ನೀಲಿಯ ನೀರು ಕಾಣುತ್ತದೆ. ಸರೋವರವಿರುವ ಎತ್ತರ ಸಮುದ್ರಮಟ್ಟದಿಂದ ಸುಮಾರು 14,000 ಅಡಿ. ನಮ್ಮ ಕರ್ನಾಟಕದ ಅತ್ಯಂತ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 6,330 ಅಡಿ. ಅಂದರೆ ಒಂದರ ಮೇಲೊಂದು ಎರಡು ಮುಳ್ಳಯ್ಯನಗಿರಿ ಇಟ್ಟರೂ ಈ ಸರೋವರದ ದಂಡೆ ಮುಟ್ಟುವುದಿಲ್ಲ! ಅಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಇಲ್ಲಿಯದರ ಐದರಲ್ಲಿ ಮೂರು ಪಾಲು ಮಾತ್ರ. ಹೊಸದಾಗಿ ಹೋದವನು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ.

ಸರೋವರದ ಉದ್ದ ಸುಮಾರು 134 ಕಿಲೊಮೀಟರು. ನಮಗೆ ತಿಳಿಯುವ ಲೆಕ್ಕದಲ್ಲಿ ಹೇಳುವುದಾದರೆ ಬೋರಿಬಂದರದಿಂದ ಲೋಣಾವಳಕ್ಕೆ ರೈಲಿನಲ್ಲಿ 128 ಕಿಲೊಮೀಟರು. ಅದಕ್ಕಿಂತ ತುಸು ಹೆಚ್ಚು. ಅಗಲ ಮಾತ್ರ ಬಹಳ ಕಡಮೆ. ಅತಿ ಅಗಲವಾದಲ್ಲಿ 5 ಕಿಲೊಮೀಟರು, ಅಂದರೆ ಬೋರಿಬಂದರದಿಂದ ಚಿಂಚ್‌ಪೋಕಳಿಯ ತನಕ. ಹೀಗೆ ನೀರು ಬೆಟ್ಟಗಳ ಸಂದಿಯಲ್ಲಿ ಉದ್ದಕ್ಕೆ ಹಾಸಿದ ಪಂಚೆಯಂತೆ ಬಿದ್ದುಕೊಂಡಿದೆ. ಈ ಉದ್ದದಲ್ಲಿ ಪಶ್ಚಿಮದ ಸುಮಾರು 45 ಕಿಲೊಮೀಟರು ಭಾರತದ ಕೈಯಲ್ಲಿದೆ. ನಮ್ಮ ರೈಲಿನ ಲೆಕ್ಕದಲ್ಲಿ ದಿವಾ ದಾಟಿ ಡೊಂಬಿವಲಿ ಬರುವ ಮುಂಚೆಯೇ ನಮ್ಮ ಪಾಲು ಮುಗಿಯಿತು. ಮುಂದಿನದು ಚೀನದ ಕೈಯಲ್ಲಿರುವ ಟಿಬೆಟ್ಟಿನ ಕಡೆಯದು. ಇಡೀ ಸರೋವರದ ಹರವು 600 ಚದರ ಕಿಲೊಮೀಟರಿಗೆ ಮಿಗಿಲು. ನಮ್ಮ ಬೃಹನ್ಮುಂಬಯಿಯನ್ನು ಎತ್ತಿ ಇಟ್ಟರೆ ಹೆಚ್ಚುಕಡಮೆ ಅದರಲ್ಲಿ ಹಿಡಿಸಿಬಿಡುತ್ತದೆ.

ಇನ್ನು ನೀರಿನ ವಿಚಾರ. ಹಿಮಾಲಯದ ನಡುವಿನ ನೀರು, ಸಿಹಿಯಾಗಿಯೇ ಇರಬೇಕು ಎಂದು ನಾವು ಎಣಿಸುತ್ತೇವೆ. ಆದರೆ ನಮ್ಮ ಕಡೆಯ ನೀರು ಉಪ್ಪುಪ್ಪು. ಕಾರಣ ಸರಳವಾಗಿದೆ. ಊರ ಕೆರೆಗೆ ಕೋಡಿಯಿರುತ್ತದೆ, ತೂಬು ಇರುತ್ತದೆ. ನೀರು ಬರುತ್ತದೆ, ಹೋಗುತ್ತದೆ. ಹೋಗುವಾಗ ತನ್ನಲ್ಲಿ ಕರಗಿದ ಉಪ್ಪನ್ನೂ ಹೊತ್ತುಕೊಂಡು ಹೋಗುತ್ತದೆ. ಪ್ಯಾಂಗಾಂಗ್ ಕೋಡಿಯಿಲ್ಲದ ಕೆರೆ. ಹಿಮ ಕರಗಿದ ತೊರೆಗಳು ಬಂದು ಸೇರುತ್ತವೆ. ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲು ಗಾಳಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ವಡಾಳಾ, ಭಾಂಡುಪಗಳ ಉಪ್ಪಿನಗದ್ದೆಗಳಲ್ಲಿ ಕೆಲವು ವಾರಗಳಲ್ಲಿ ಆಗುವ ಕೆಲಸವೇ ಅಲ್ಲಿ ಸಾವಿರಾರು ವರ್ಷಗಳಿಂದ ನಿಧಾನವಾಗಿ ನಡೆದಿದೆ. ಪೂರ್ವದ ತುದಿಯಲ್ಲಿ ಹೊಳೆಯ ನೀರು ಬಂದು ಕೂಡುವುದರಿಂದ ಅಲ್ಲಿ ಸಿಹಿ. ನೀರು ಇಕ್ಕಟ್ಟಾದ ಕೊರಳುಗಳನ್ನು ದಾಟಿ ಪಶ್ಚಿಮಕ್ಕೆ ಬಂದಹಾಗೆ ಉಪ್ಪು ಏರುತ್ತದೆ. ಆದುದರಿಂದ ಆ ಕಡೆ ಮೀನುಗಳಿವೆ. ನಮ್ಮ ಕಡೆ ಬಲೆ ಬೀಸಿದರೆ ಸಿಗುವುದೇನೂ ಇಲ್ಲ. ಸೀಗಡಿಯ ಜಾತಿಗೆ ಸೇರಿದ ಸಣ್ಣ ಹುಳುಗಳು ಮಾತ್ರ ಕಾಣುತ್ತವೆ.

ಈ ಕೆರೆಗೆ ಕೋಡಿ ಎಂದೂ ಇರಲಿಲ್ಲವೇ? ಇತ್ತು! ಭೂಮಿಯ ಚರಿತ್ರೆ ಓದಿದವರು ಇದನ್ನು ಬೆಟ್ಟದ ಮೇಲಿನ ಗುರುತುಗಳಿಂದ ಕಂಡುಹಿಡಿದಿದ್ದಾರೆ. ಇಂದಿನ ನೀರಿನ ಮಟ್ಟಕ್ಕಿಂತ ಬಹಳ ಮೇಲೆ, ಸ್ನಾನದ ಹಂಡೆಯ ಒಳಗೆ ಉಳಿಯುವ ಗೆರೆಗಳಂತೆ, ಹಳೆಯ ದಂಡೆಗಳ ಗೆರೆಗಳು ಉಳಿದಿವೆ. ಹಿಂದೊಂದು ಕಾಲದಲ್ಲಿ ಸರೋವರ ತುಂಬಿ, ಪಶ್ಚಿಮದ ತಾಂಗ್ತ್ಸೆ ಕಣಿವೆಯಲ್ಲಿ ಹರಿದು ಶಯೋಕ್ ನದಿಯನ್ನು ಸೇರುತ್ತಿತ್ತು. ಶಯೋಕ್ ಸಿಂಧೂನದಿಯನ್ನು ಸೇರುತ್ತದೆ. ಸಿಂಧೂ ಕರಾಚಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಬಂಧುಗಳೇ, ಒಂದು ಕಾಲಕ್ಕೆ ಆ ನೀರು ನಮ್ಮ ಅಪೊಲೊ ಬಂದರದ ಸಮುದ್ರಕ್ಕೇ ಬರುತ್ತಿತ್ತು ಎಂದಾಯಿತು. ಅಡ್ಡಕಣಿವೆಗಳಿಂದ ಕೊಚ್ಚಿ ಬಂದ ಮಣ್ಣುಕಲ್ಲು ದಾರಿಯನ್ನು ಕಟ್ಟಿತು, ಹವೆಯೂ ಒಣಗಿತು, ನೀರು ಅಲ್ಲೇ ನಿಂತಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು 1932ರಲ್ಲಿ ಲಡಾಖಕ್ಕೆ ಬಂದು ಅಲ್ಲಿಯ ಸರೋವರಗಳನ್ನು ಅಭ್ಯಸಿಸಿತು. ಆ ತಂಡದಲ್ಲಿದ್ದ ಹಚಿನ್ಸನ್ ಎಂಬ ವಿಜ್ಞಾನಿ ಮುಂದೆ ಸರೋವರಗಳ ಶಾಸ್ತ್ರದಲ್ಲಿ ಜಗತ್ತಿಗೆ ಗುರುವೆನಿಸಿದರು.

ಮಳೆಯ ಮಾತು ಹೇಳದಿದ್ದರೆ ಅಲ್ಲಿಯ ಬಾಳು ನಮಗೆ ತಿಳಿಯದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆಯಾಯಿತು. ಆ ದಿನ ಸೊಂಟಮಟ್ಟ ನೀರಿನಲ್ಲಿ ನಡೆದು ಮನೆ ಸೇರಿದವರು ಇಲ್ಲಿ ಇದ್ದೀರಿ. ಲೇಹದಲ್ಲಿ ಒಂದು ವರ್ಷಕ್ಕೆ ಬೀಳುವುದು 100 ಮಿಲಿಮೀಟರಿನ ಆಸುಪಾಸು. ನಮ್ಮ ಆ ಒಂದು ದಿನದ ಮಳೆ ಅವರಿಗೆ ಎಂಟೊಂಬತ್ತು ವರ್ಷದ ಮಳೆ. ಆದಕಾರಣ ಮರವಿಲ್ಲ, ಕಾಡಿಲ್ಲ. ತೊರೆ ಹರಿಯುವಲ್ಲಿ ಜವುಗು, ಜವುಗಿನಲ್ಲಿ ಹುಲ್ಲು, ಉಳಿದದ್ದೆಲ್ಲ ಕಲ್ಲು. ದಂಡೆಯಲ್ಲಿರುವ ಸ್ಪಾಂಗ್ಮಿಕ್, ಮಾನ್, ಮೆರಾಕ್ ಎಂಬ ಪುಟ್ಟ ಹಳ್ಳಿಗಳ ಜನ ಈ ತೊರೆಗಳ ನೀರನ್ನೇ ತಿರುಗಿಸಿಕೊಂಡು ಜವೆಗೋಧಿ, ಬಟಾಣಿ ಬೆಳೆಯುತ್ತಾರೆ.

ಚಳಿಗಾಲದಲ್ಲಿ ಉಪ್ಪಿದ್ದರೂ ಲೆಕ್ಕಿಸದೆ ನೀರೆಲ್ಲ ಹೆಪ್ಪುಗಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಆ ಹೆಪ್ಪಿನ ಮೇಲೆಯೇ 21 ಕಿಲೊಮೀಟರಿನ ಓಟದ ಪಂದ್ಯ ನಡೆಸಿದರು ಎಂದರೆ ಅದರ ಗಟ್ಟಿತನ ಊಹಿಸಿಕೊಳ್ಳಿ. "ಮುಂಜಾನೆ ಲಾರಿಯ ಇಂಜಿನು ಎಬ್ಬಿಸೂದು ಒಂದು ಪಾಳಿ ಕೆಲಸ" ಎಂದು ತಮ್ಮ ಹೇಳುತ್ತಾನೆ. ಹಿಂದಿನ ವರ್ಷ ಅವನ ಎಡಗಾಲಿನ ಎರಡು ಬೆರಳುಗಳನ್ನು ಚಳಿ ತಿಂದುಹಾಕಿತು. ಅಷ್ಟಾದರೂ ನೌಕರಿ ಬಿಟ್ಟು ಬಾ ಎಂದು ಅತ್ತ ಚಿಕ್ಕಮ್ಮನಿಗೆ, "ಒಮ್ಮೆ ಬ್ಯಾಸಗ್ಯಾಗ ಬಂದು ನೋಡು, ಆಮೇಲೆ ಹೇಳು" ಎಂದನಂತೆ.

ಬೇಸಗೆಯಲ್ಲಿ ಅಲ್ಲಿ ನೋಡುವಂಥದೇನು? ಅದನ್ನೇ ಈಗ ಹೇಳಲಿರುವುದು.

ಮಂಜು ಒಡೆದ ಕೂಡಲೇ ನೆಲದೊಳಗಿನ ಬಿಲಗಳಿಂದ ಮಾರ್ಮೊಟ್ ಎಂಬ ಪ್ರಾಣಿ ಹೊರಬರುತ್ತದೆ. ಅಳಿಲಿನ ಬಳಗದ್ದು, ಆದರೆ ಬೆಕ್ಕಿಗಿಂತ ದಪ್ಪ. ವರ್ಷದಲ್ಲಿ ಅರ್ಧ ಕಾಲ ಮನೆಮಂದಿಯೆಲ್ಲ ಒಂದೇ ಬಿಲದಲ್ಲಿ ಒತ್ತೊತ್ತಾಗಿ ಮಲಗಿ ನಿದ್ರಿಸುತ್ತದೆ. ನಮ್ಮ ಚಾಳಿನ ಖೋಲಿಗಳಂತೆ ಎನ್ನಬಹುದು. ಹೊರಗೆ ಬಂದರೆ ಹಿಂಗಾಲುಗಳ ಮೇಲೆ ನಿಂತು ಕಾವಲು ಕಾಯುತ್ತದೆ, ತೋಳನೋ ಹದ್ದೋ ಕಂಡರೆ ಸಿಳ್ಳು ಹಾಕುತ್ತದೆ. ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡುಗಳಿವೆ. ಕತ್ತೆಯೆಂದು ಹಗುರಾಗಿ ತಿಳಿಯಬೇಡಿ. ಜಗತ್ತಿನ ಕಾಡುಕತ್ತೆಗಳಲ್ಲೆಲ್ಲ ದೊಡ್ಡದು. ಕೆಂಗಂದು ಮೈ, ಬಿಳಿಯ ಹೊಟ್ಟೆ, ಕುದುರೆಯ ಠೀವಿ. ಜವುಗುಗಳಲ್ಲಿ ಕಪ್ಪು ಕೊರಳಿನ ಕೊಕ್ಕರೆ, ಅಂದರೆ ಆಳೆತ್ತರದ ಕ್ರೌಂಚಪಕ್ಷಿ, ಗೂಡು ಕಟ್ಟುತ್ತದೆ. ಭಾರತದಲ್ಲಿ ಅದು ಮರಿ ಮಾಡುವುದು ಲಡಾಖದ ಈ ಎತ್ತರದ ನಾಡಿನಲ್ಲಿ. 2021ರಲ್ಲಿ ಅದನ್ನು ಲಡಾಖದ ರಾಜ್ಯಪಕ್ಷಿಯೆಂದು ಸಾರಿದರು.

ಆದರೆ ಸರೋವರದ ನೀರಿಗೆ ಶೋಭೆ ತರುವ ಹಕ್ಕಿಗಳು ಮೂರು. ಮೂರೂ ನಮಗೆ ಪರಿಚಯದವೇ.

ಮೊದಲನೆಯದು ಪಟ್ಟೆತಲೆಯ ಹೆಬ್ಬಾತು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಬೇಸಗೆಯಲ್ಲಿ ಪ್ಯಾಂಗಾಂಗ್, ಟಿಬೆಟ್, ಮಂಗೋಲಿಯಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನು ಹಾರಿ ದಾಟಿ ಬರುತ್ತದೆ. ಹಕ್ಕಿಯ ಮೈಗೆ ಸಣ್ಣ ಯಂತ್ರ ಕಟ್ಟಿ ಅಳೆದಾಗ 7,290 ಮೀಟರು, ಅಂದರೆ ಸುಮಾರು 23,900 ಅಡಿಯ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅದರ ರಕ್ತಕ್ಕೆ ತೆಳ್ಳನೆಯ ಗಾಳಿಯಿಂದಲೂ ಪ್ರಾಣವಾಯುವನ್ನು ಹೀರಿ ಹಿಡಿಯುವ ಶಕ್ತಿಯಿದೆ. ಸುಮ್ಮನೆ ಮೇಲೆ ಮೇಲೆ ಹೋಗುವುದಿಲ್ಲ. ಬೆಟ್ಟ ಏರಿದಾಗ ಏರಿ, ಕಣಿವೆ ಬಂದಾಗ ಇಳಿದು ಹಾರುತ್ತದೆ. ಇಳಿದರೆ ಮತ್ತೆ ಹತ್ತಬೇಕಲ್ಲ ಎನ್ನಬೇಡಿ. ತೆಳ್ಳನೆಯ ಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮಕ್ಕಿಂತ ಅದೇ ಅಗ್ಗವೆಂದು ಲೆಕ್ಕ ಹಾಕಿದವರು ಕಂಡಿದ್ದಾರೆ.

ಈ ಹೆಬ್ಬಾತು ಎಲ್ಲಿಗೆ ಬರುತ್ತದೆ ಗೊತ್ತೇ? ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ! ಶಿರಹಟ್ಟಿಯ ಹತ್ತಿರದ ಕೆರೆ ಅದು. ಹುಡುಗರಾಗಿದ್ದಾಗ ನಾವು ಅದನ್ನು ಬರಿಯ 'ಬಾತು' ಎನ್ನುತ್ತಿದ್ದೆವು. ಹಗಲು ಕೆರೆಯಲ್ಲಿದ್ದು ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಮೇಯಲು ಇಳಿಯುತ್ತಿದ್ದುವು. ಕವಣೆಯಿಂದ ಕಲ್ಲು ಹೊಡೆದು ಓಡಿಸುವುದು ನನ್ನ ಮತ್ತು ತಮ್ಮನ ಕೆಲಸ. ಒಮ್ಮೆ ನನ್ನ ಕಲ್ಲು ಒಂದಕ್ಕೆ ತಾಗಿ, ಅದರ ರೆಕ್ಕೆ ಮುರಿಯಿತು. ಹಿಂಡೆಲ್ಲ ಎದ್ದು ಹೋಯಿತು, ಒಂದು ಮಾತ್ರ ಹೋಗಲಿಲ್ಲ. ಅದರ ಮೇಲೆ ಸುತ್ತು ಹಾಕುತ್ತ ಬಹಳ ಹೊತ್ತು ಕೂಗಿತು. ಅದು ಹಿಮಾಲಯ ಹಾರಿ ಬಂದ ಹಕ್ಕಿಯೆಂದು ಅಂದು ಯಾರಾದರೂ ಹೇಳಿದ್ದರೆ ನನ್ನ ಕೈ ಏಳುತ್ತಿರಲಿಲ್ಲವೆಂದು ಈಗ ಅನಿಸುತ್ತದೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತು ಕಾಪಾಡಬೇಕಾದ ಜಲತಾಣಗಳ ಪಟ್ಟಿಗೆ ಸೇರಿತು. ಮೈಸೂರು ಸೀಮೆಯ ಹದಿನಾರು ಕೆರೆಗೂ ಇವು ಬರುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ಆ ಸೀಮೆಯಲ್ಲಿ ಕಂಡದ್ದುಂಟು.

ಎರಡನೆಯದರ ಹೆಸರು ಹೇಳಿದರೆ ಕನ್ನಡ ಕಾವ್ಯ ಓದಿದವರು ತಲೆದೂಗುವಿರಿ. ಜಕ್ಕವಕ್ಕಿ, ಸಂಸ್ಕೃತದ ಚಕ್ರವಾಕ. ಇಟ್ಟಿಗೆಯ ಬಣ್ಣದ ಬಾತು, ತಿಳಿಯಾದ ತಲೆ, ಯಾವಾಗಲೂ ಜೋಡಿ. ಹಗಲೆಲ್ಲ ಕೂಡಿದ್ದು, ಸೂರ್ಯ ಮುಳುಗಿದೊಡನೆ ಅಗಲಿ, ಒಂದು ಈ ದಡದಲ್ಲಿ ಇನ್ನೊಂದು ಆ ದಡದಲ್ಲಿ ನಿಂತು ಬೆಳಗಾಗುವ ತನಕ ಕರೆಯುತ್ತವೆಂದು ನಮ್ಮ ಕವಿಗಳು ಹಾಡಿದ್ದಾರೆ. ನಿಜದಲ್ಲಿ ಅವು ಅಗಲುವುದಿಲ್ಲ. ರಾತ್ರಿ ಮೇಯುವಾಗ ಒಂದನ್ನೊಂದು ಕೂಗುವುದನ್ನು ಕೇಳಿ ಆ ಕಲ್ಪನೆ ಹುಟ್ಟಿದ್ದಿರಬೇಕು. ಈ ಜಕ್ಕವಕ್ಕಿಯ ತವರು ಪ್ಯಾಂಗಾಂಗಿನಂಥ ಸರೋವರಗಳೇ. ದಂಡೆಯ ಬಂಡೆಗಳ ಪೊಟರೆಗಳಲ್ಲಿ ಮೊಟ್ಟೆಯಿಡುತ್ತದೆ. ಕಾವ್ಯದಲ್ಲಿ ಬಾಯಿಪಾಠ ಮಾಡಿದ ಹಕ್ಕಿಯ ಮನೆ ಇಷ್ಟು ದೂರವೆಂದು ನನಗೆ ತಿಳಿದಿರಲಿಲ್ಲ.

ಮೂರನೆಯದೇ ನಮ್ಮ ಲಾಂಚಿನ ಹಿಂದೆ ಬರುವ ಹಕ್ಕಿ, ಕಂದುತಲೆಯ ಕಡಲಹಕ್ಕಿ. ಇಲ್ಲಿ ಚಳಿಗಾಲದಲ್ಲಿ ಅದರ ತಲೆ ಕಂದಾಗಿರುವುದಿಲ್ಲ. ಬಿಳಿಯ ತಲೆ, ಕಿವಿಯ ಹತ್ತಿರ ಒಂದು ಮಸಿಯ ಬೊಟ್ಟು. ಕೊಕ್ಕು ಕಾಲು ಕೆಂಪು, ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಬಿಳಿಯ ಚುಕ್ಕೆ. ಮಾರ್ಚ್ ತಿಂಗಳಲ್ಲಿ ಗಮನವಿಟ್ಟು ನೋಡಿರಿ: ತಲೆ ಮೆಲ್ಲಮೆಲ್ಲನೆ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಊರಿಗೆ ಹೊರಡುವ ಮುಂಚೆ ನಾವು ಹೊಸ ಅಂಗಿ ಹೊಲಿಸಿಕೊಳ್ಳುವುದಿಲ್ಲವೇ, ಹಾಗೆ. ಅದರ ಜೊತೆ ಕರಿತಲೆಯ ಇನ್ನೊಂದು ಜಾತಿಯೂ ಬೆರೆತಿರುತ್ತದೆ. ಅದು ಉತ್ತರದ ದೂರದ ನಾಡುಗಳಿಂದ ಬರುವಂಥದು. ಕಂದುತಲೆಯದು ಮಾತ್ರ ಮರಿ ಮಾಡುವುದು ಮಧ್ಯ ಏಷ್ಯದ ಎತ್ತರದ ಸರೋವರಗಳಲ್ಲಿ. ಪ್ಯಾಂಗಾಂಗಿನ ಪೂರ್ವಭಾಗದಲ್ಲಿ, ಟಿಬೆಟ್ಟಿನ ರುತೋಗ್ ಎಂಬ ಊರಿನ ಕಡೆ, ಒಂದು ಹಕ್ಕಿದ್ವೀಪವೇ ಇದೆ. ಬೇಸಗೆಯಲ್ಲಿ ಅದರ ತುಂಬ ಇದೇ ಹಕ್ಕಿಗಳ ಗೂಡುಗಳು. ಯಾವ ಸರೋವರದ್ದೆಂದು ಹಕ್ಕಿಯ ಮೈಮೇಲೆ ಬರೆದಿರುವುದಿಲ್ಲ, ನಿಜ. ಆದರೆ ಹಿಮಾಲಯದ ಆಚೆಯ ಅಂಥ ನೀರಿನ ದಂಡೆಯಲ್ಲಿ ಹುಟ್ಟದ ಒಂದೇ ಒಂದು ಕಂದುತಲೆಯ ಹಕ್ಕಿ ಅಪೊಲೊ ಬಂದರದಲ್ಲಿಲ್ಲ.

ಬಂಧುಗಳೇ, ಈಗ ಸರೋವರದ ನಡುವಿನ ಗೆರೆಯ ಮಾತು. ಹಕ್ಕಿಗೆ ಗೆರೆಯಿಲ್ಲ, ಮನುಷ್ಯನಿಗಿದೆ. ಮೊದಲು ಈ ಗೆರೆ ಇಷ್ಟು ಗಟ್ಟಿಯಾಗಿರಲಿಲ್ಲ. ಟಿಬೆಟ್ಟಿನ ಕಡೆಯಿಂದ ಉಪ್ಪು ಮತ್ತು ಉಣ್ಣೆ, ಲಡಾಖದ ಕಡೆಯಿಂದ ಜವೆಗೋಧಿ ಮತ್ತು ಒಣಹಣ್ಣು, ಕುರಿಗಳ ಬೆನ್ನ ಮೇಲೆ ಚೀಲ ಹೇರಿಕೊಂಡು ಹೋಗಿಬರುತ್ತಿದ್ದುವು. ಆ ಉಣ್ಣೆಯೇ ಪಶ್ಮೀನಾ. ಚಾಂಗ್‌ಪಾ ಎಂಬ ಅಲೆಮಾರಿ ಕುರಿಗಾಹಿಗಳು ಸಾಕುವ ಮೇಕೆಗಳ ಒಳಗೂದಲು ಅದು. ಒಂದು ಎಳೆಯ ದಪ್ಪ 12ರಿಂದ 15 ಮೈಕ್ರಾನ್; ಒಂದು ಮಿಲಿಮೀಟರಿನಲ್ಲಿ ಎಪ್ಪತ್ತು ಎಂಬತ್ತು ಎಳೆ ಪಕ್ಕಪಕ್ಕ ಕೂರುತ್ತವೆ. ನೂಲಿನ ನಂಬರು ನೋಡುವ ನಮ್ಮಂಥವರಿಗೆ ಅದರ ನಯ ಅರ್ಥವಾದೀತು. ಚಳಿ ಕಡಿದಷ್ಟೂ ಎಳೆ ಸಣ್ಣಗಾಗಿ ಬರುತ್ತದೆ. 1684ರಲ್ಲಿ ಲಡಾಖ್ ಮತ್ತು ಟಿಬೆಟ್ಟುಗಳ ನಡುವೆ ಆದ ಒಪ್ಪಂದದಲ್ಲಿ ಈ ಉಣ್ಣೆಯ ವ್ಯಾಪಾರದ ಹಕ್ಕಿನ ಮಾತೂ ಇತ್ತು.

1962ರಲ್ಲಿ ಯುದ್ಧ ಬಂತು. ಅಕ್ಟೋಬರ್ 20ರಂದು ಸರೋವರದ ಉತ್ತರದಂಡೆಯ ಸಿರಿಜಾಪ್ ಠಾಣೆಯಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಅವರ ಗೂರ್ಖಾ ತುಕಡಿ ಹೋರಾಡಿತು. ಅವರು ಮಡಿದರೆಂದೇ ತಿಳಿದು ಪರಮವೀರ ಚಕ್ರ ಘೋಷಿಸಿದರು; ಆಮೇಲೆ ಅವರು ಸೆರೆಯಲ್ಲಿ ಜೀವಂತವಿರುವ ಸುದ್ದಿ ಬಂತು. ನವೆಂಬರ್ 18ರಂದು ಸರೋವರದ ದಕ್ಷಿಣಕ್ಕೆ ಚುಶೂಲಿನ ಹತ್ತಿರ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗರೂ ಅವರ ಕುಮಾವೂ ರೆಜಿಮೆಂಟಿನ ಜೊತೆಗಾರರೂ ಸೇರಿ 114 ಮಂದಿ ಬಿದ್ದರು. ಮೂರು ತಿಂಗಳ ಮೇಲೆ, ಕುರಿಗಾಹಿಯೊಬ್ಬ ಆ ಕಡೆ ಹೋದಾಗ, ಹಿಮದಲ್ಲಿ ಹೆಪ್ಪುಗಟ್ಟಿದ ದೇಹಗಳು ಕೋವಿ ಹಿಡಿದಂತೆಯೇ ಇದ್ದುವಂತೆ. ಅಲ್ಲಿಂದ ಉಪ್ಪಿನ ಕುರಿಗಳ ದಾರಿ ಮುಚ್ಚಿತು. ಗೆರೆಗೆ 'ವಾಸ್ತವ ನಿಯಂತ್ರಣ ರೇಖೆ' ಎಂದು ಹೆಸರಾಯಿತು. ಆದರೆ ಅದು ಎಲ್ಲಿ ಹಾದುಹೋಗುತ್ತದೆಂಬುದರಲ್ಲಿ ಎರಡು ಕಡೆಯವರಿಗೂ ಒಮ್ಮತವಿಲ್ಲ. ಉತ್ತರದಂಡೆಯಲ್ಲಿ ಬೆಟ್ಟವು ನೀರಿನ ಕಡೆಗೆ ಎಂಟು ಕಡೆ ಚಾಚಿಕೊಂಡಿದೆ. ಅವುಗಳಿಗೆ 'ಬೆರಳು'ಗಳೆಂದು ಹೆಸರು. ನಾವು ಎಂಟನೆಯ ಬೆರಳಿನ ತನಕ ನಮ್ಮದೆನ್ನುತ್ತೇವೆ. ಅವರು ನಾಲ್ಕನೆಯ ಬೆರಳಿನ ತನಕ ತಮ್ಮದೆನ್ನುತ್ತಾರೆ. 2020ರ ಮೇ ತಿಂಗಳಲ್ಲಿ ಇಲ್ಲಿಯೇ ಕೈಕೈ ಮಿಲಾಯಿಸಿದರು. 2021ರ ಫೆಬ್ರವರಿಯಲ್ಲಿ ಎರಡೂ ಸೈನ್ಯಗಳು ದಂಡೆಯಿಂದ ಹಿಂದೆ ಸರಿದುವು. ನಡುವೆ ಖಾಲಿ ಬಿಟ್ಟ ಪಟ್ಟಿಗಳಲ್ಲಿ ತಮ್ಮ ಚಳಿಗಾಲದ ಹುಲ್ಲುಗಾವಲುಗಳೂ ಹೋದುವೆಂದು ಅಲ್ಲಿಯ ಕುರಿಗಾಹಿಗಳು ದೂರಿಕೊಂಡಿದ್ದಾರೆ. ಜಕ್ಕವಕ್ಕಿಯ ಕಥೆ ಹಕ್ಕಿಯ ಪಾಲಿಗೆ ಸುಳ್ಳಾದರೂ ಆ ದಂಡೆಯ ಜನರ ಪಾಲಿಗೆ ನಿಜವಾಯಿತಲ್ಲವೇ? ಆಚೆಯ ಟಿಬೆಟ್ಟಿನಿಂದ ಹೊರಟ ಸಾವಿರಾರು ಮಂದಿ ನಮ್ಮ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಮುಂಬಯಿಯ ಬೀದಿಬದಿಯಲ್ಲಿ ಚಳಿಗಾಲಕ್ಕೆ ಸ್ವೆಟರು ಮಾರುವ ಟಿಬೆಟ್ಟಿನವರಲ್ಲಿ ಕೆಲವರಿಗೆ ಸೊಗಸಾಗಿ ಕನ್ನಡ ಬರುತ್ತದೆ; ಮಾತನಾಡಿಸಿ ನೋಡಿರಿ.

ಗೆರೆಯ ಜಗಳವನ್ನು ಬಿಡಿಸುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಸರಕಾರಗಳಿವೆ. ಆದರೆ ಸರೋವರಕ್ಕೆ ಇನ್ನೊಂದು ಕಡೆಯಿಂದ ಕೇಡು ಬಂದಿದೆ. ಅದರಲ್ಲಿ ನಮ್ಮಂಥವರ ಪಾಲಿದೆ. 2009ರಲ್ಲಿ 'ತ್ರೀ ಈಡಿಯಟ್ಸ್' ಚಿತ್ರದ ಕೊನೆಯ ದೃಶ್ಯದಲ್ಲಿ ಈ ಸರೋವರ ಕಂಡಿತು. ಅಂದಿನಿಂದ ಪ್ರವಾಸಿಗರ ಜಾತ್ರೆ. ಹೋಗುವುದು ತಪ್ಪಲ್ಲ, ನೋಡಬೇಕಾದ ಜಾಗವೇ. ಆದರೆ 2022ರಲ್ಲಿ ಕೆಲವರು ಕಾರನ್ನೇ ನೀರಿಗೆ ಇಳಿಸಿ ಓಡಿಸಿ ಚಿತ್ರ ತೆಗೆಸಿಕೊಂಡರು. ಕೋಡಿಯಿಲ್ಲದ ಕೆರೆಯೆಂದು ಆಗಲೇ ಹೇಳಿದೆ. ನಮ್ಮ ಮೀಠೀ ನದಿಗೆ ಬಿದ್ದ ಕೊಳಕು ಸಮುದ್ರಕ್ಕಾದರೂ ಹೋಗುತ್ತದೆ. ಪ್ಯಾಂಗಾಂಗಿಗೆ ಬಿದ್ದ ಎಣ್ಣೆ, ಸಾಬೂನು, ಪ್ಲಾಸ್ಟಿಕ್ ಎಲ್ಲಿಗೂ ಹೋಗದು. ಬಿಡಾರಗಳ ಎಂಜಲು ತಿಂದು ಬೀದಿನಾಯಿಗಳು ಹೆಚ್ಚಿವೆ. ಅವು ಚಳಿಗಾಲದಲ್ಲಿ ಎಂಜಲು ಸಿಗದಾದಾಗ, ಬೇಸಗೆಯಲ್ಲಿ ಗೂಡು ಕಂಡಾಗ, ಮಾರ್ಮೊಟ್ಟನ್ನೂ ಕ್ರೌಂಚದ ಮರಿಯನ್ನೂ ಹಿಡಿಯುತ್ತವೆ. ಒಂದು ಜೋಡಿ ಕ್ರೌಂಚ ವರ್ಷಕ್ಕೆ ಇಡುವುದೇ ಒಂದೋ ಎರಡೋ ಮೊಟ್ಟೆ. ಎಸೆದವನಿಗೆ ಅದು ಒಂದು ತುಂಡು ಪರಾಠಾ. ಆ ಲೆಕ್ಕ ಮುಗಿಯುವುದು ಜವುಗಿನ ಗೂಡಿನಲ್ಲಿ.

ಹಾಗಾದರೆ ಫೋರ್ಟಿನಲ್ಲಿ ಕುಳಿತ ನಾವು ಮಾಡಬಹುದಾದದ್ದೇನು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಲಾಂಚಿನಿಂದ ಹಕ್ಕಿಗೆ ಗಾಂಠಿಯಾ, ವೇಫರು ಎಸೆಯುವುದನ್ನು ಬಿಡೋಣ. ಮೀನು, ಸೀಗಡಿ, ಹುಳು ತಿಂದು ಸಾವಿರಾರು ಮೈಲಿ ಹಾರಬೇಕಾದ ಮೈಗೆ ಕರಿದ ಹಿಟ್ಟು, ಉಪ್ಪು ಆಗಿಬರುವುದಿಲ್ಲ. ನಾನು ಎಸೆದವನೇ, ಆದುದರಿಂದ ಇತರರನ್ನು ಬೈಯುವ ಅಧಿಕಾರ ನನಗಿಲ್ಲ. ನಿಲ್ಲಿಸಿದ್ದೇನೆ ಎಂದಷ್ಟೇ ಹೇಳಬಲ್ಲೆ. ನನ್ನ ಮಗಳು ಈಗ ಬೇರೆಯವರ ಮಕ್ಕಳಿಗೂ ಹೇಳುತ್ತಾಳೆ.

ಎರಡನೆಯದು, ಇಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ಲಯನ್ ಗೇಟಿನ ಎದುರಿಗೆ, ಹಾರ್ನ್‌ಬಿಲ್ ಹೌಸ್ ಇದೆ. ಅದು 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮನೆ. ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವ ಕೆಲಸವನ್ನು ಈ ಸಂಸ್ಥೆ ಬಹುಕಾಲದಿಂದ ಮಾಡಿದೆ. ಊರ ಕೆರೆಯಲ್ಲೋ ಇಲ್ಲಿಯ ಕಡಲದಂಡೆಯಲ್ಲೋ ಉಂಗುರವಿರುವ ಹಕ್ಕಿ ಕಂಡರೆ, ಸತ್ತ ಹಕ್ಕಿಯೇ ಆದರೂ, ನಂಬರು ಬರೆದುಕೊಂಡು ಅಲ್ಲಿಗೆ ತಿಳಿಸಿರಿ. ಹಕ್ಕಿಯ ಹಾದಿ ಗೊತ್ತಾಗುವುದು ಹೀಗೆಯೇ. ಆ ಸಂಸ್ಥೆಯನ್ನು ಬೆಳೆಸಿದ ಡಾಕ್ಟರ್ ಸಲೀಂ ಅಲಿಯವರು ಮುಂಬಯಿಯ ಖೇತವಾಡಿಯಲ್ಲಿ ಹುಟ್ಟಿದವರು. ಕಾಲೇಜಿನ ಪದವಿ ಮುಗಿಸದವರು. ಮೊದಲಿಗೆ ಇದೇ ಫೋರ್ಟಿನ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಣೆ ಹೇಳುವ ಕೆಲಸದಲ್ಲಿದ್ದರು. 1945ರಲ್ಲಿ ಹಕ್ಕಿಗಳನ್ನು ನೋಡಲೆಂದೇ ಮಾನಸ ಸರೋವರಕ್ಕೆ ಹೋಗಿಬಂದರು. ಮ್ಯಾಟ್ರಿಕ್ ಆದ ನಮಗೆ ಇದಕ್ಕಿಂತ ಧೈರ್ಯದ ಮಾತು ಬೇಕೇ?

ಮೂರನೆಯದು ನಮ್ಮ ಊರಿಗೆ ಸಂಬಂಧಿಸಿದ್ದು. ಹಬ್ಬಕ್ಕೆ ಊರಿಗೆ ಹೋದಾಗ ಕೆರೆಯ ದಂಡೆಯಲ್ಲಿ ಕವಣೆ ಹಿಡಿದ ಹುಡುಗ ಕಂಡರೆ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಆ ಹಕ್ಕಿ ಎಲ್ಲಿಂದ ಬಂದಿದೆ ಎಂಬುದನ್ನು ಹೇಳಿರಿ. ನನಗೆ ಯಾರೂ ಹೇಳಿರಲಿಲ್ಲ. ಬೆಳೆಗೆ ನಷ್ಟವಾಗುವುದೂ ನಿಜ. ಬಡರೈತನ ಹೊಲ ಕಾಯುವ ಕೆಲಸ ತಪ್ಪದು. ಆದರೆ ತಗಡು ಬಾರಿಸಿ ಎಬ್ಬಿಸಿದರೂ ಅದು ಎದ್ದುಹೋಗುತ್ತದೆ, ರೆಕ್ಕೆ ಮುರಿಯಬೇಕಾಗಿಲ್ಲ.

ಒಂದು ಕೊನೆಯ ಸಂಗತಿ. ತಮ್ಮ ರಜೆ ಮುಗಿಸಿ ಮತ್ತೆ ಅಲ್ಲಿಗೇ ಹೋದ. ಚಿಕ್ಕಮ್ಮ ಕಳಿಸಿಕೊಟ್ಟ ಉಣ್ಣೆಯ ಕಾಲುಚೀಲಗಳನ್ನು ನಾನೇ ಬೋರಿಬಂದರದಲ್ಲಿ ಅವನ ಕೈಗೆ ಕೊಟ್ಟೆ. ಮಾರ್ಚ್ ಕೊನೆಯಲ್ಲಿ ಅಪೊಲೊ ಬಂದರದ ಹಕ್ಕಿಗಳ ತಲೆ ಕಂದಾಯಿತು. ಏಪ್ರಿಲ್ ಮಧ್ಯದಲ್ಲಿ ಮಗಳನ್ನು ಕರೆದುಕೊಂಡು ಹೋದಾಗ ಕಟ್ಟೆ ಬರಿದಾಗಿತ್ತು. ಆಮೇಲೆ ಕೆಲವು ದಿನ ಅವನಿಂದ ಸುದ್ದಿಯಿರಲಿಲ್ಲ; ಆ ಕಡೆ ದಾರಿ ಕಟ್ಟಿತ್ತಂತೆ. ಮನೆಯಲ್ಲಿ ಎಲ್ಲರಿಗೂ ಕಳವಳ. ಮೇ ಮೊದಲ ವಾರ ರಾತ್ರಿ ಫೋನು ಬಂತು. ತಾನು ಕ್ಷೇಮವೆಂದು ಅವನು ಹೇಳುವುದನ್ನು ನಾನು ಕಾಯುತ್ತಿದ್ದೆ.

"ಅಣ್ಣಾ, ಬರ್ಫ ಒಡೀತು" ಎಂದ. "ಕೂಸಿಗೆ ಹೇಳು, ನಿಮ್ಮ ಹಕ್ಕಿ ಮುಟ್ಟ್ಯಾವ."